ಬೀಗಮುದ್ರೆ ಗುಮಾಸ್ತನ ಮರೆವು

ದಾಖಲೆ ಕೋಣೆಯ ಹಿರಿಯ ಗುಮಾಸ್ತನಿಗೆ ಆಸ್ಪತ್ರೆಯವರು ಇಟ್ಟ ಅಡ್ಡಹೆಸರು ಬೀಗಮುದ್ರೆ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅದು ಅವನ ಕಿವಿಗೆ ಬಿದ್ದಿತ್ತು, ಬಿದ್ದಾಗಿನಿಂದ ಒಳಗೊಳಗೇ ಹಿಗ್ಗಿಕೊಂಡಿದ್ದ. ಹೊಗಳಿಕೆ ಯಾವುದು, ಹೀಯಾಳಿಕೆ ಯಾವುದು ಎಂದು ತಿಳಿಯದ ಜನ ಇರುತ್ತಾರಲ್ಲ, ಅವನು ಆ ಪೈಕಿ.

ಕೋಣೆ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಬಾಗಿಲ ಪಕ್ಕ ಒಂದು ಕಿಂಡಿ, ಕಿಂಡಿಯಾಚೆ ಕಾಯುವವರಿಗೊಂದು ಬೆಂಚು, ಈಚೆ ಎರಡು ಮೇಜು, ಮೇಜುಗಳ ಹಿಂದೆ ಸೂರು ಮುಟ್ಟುವ ಕಬ್ಬಿಣದ ಕಪಾಟುಗಳ ಸಾಲು. ಅವುಗಳಲ್ಲಿ ಅರವತ್ತು ಸಾವಿರ ಹಳೆಯ ಫೈಲುಗಳು. ಜಾಗ ಸಾಲದೆ ಎಷ್ಟೋ ವರ್ಷಗಳಿಂದ ಫೈಲುಗಳನ್ನು ಸಂಖ್ಯೆಯ ಪ್ರಕಾರ ಇಡುವುದನ್ನೇ ಬಿಟ್ಟಿದ್ದರು. ಖಾಲಿ ಇದ್ದ ಕಡೆ ತುರುಕುವುದು, ತುರುಕಿದ ಜಾಗವನ್ನು ಕಂಪ್ಯೂಟರಿನಲ್ಲಿ ಬರೆದಿಡುವುದು, ಇದೇ ಪದ್ಧತಿ. ಆ ಕೋಣೆಗೆ ಕಂಪ್ಯೂಟರು ಇದ್ದದ್ದು ಒಂದೇ, ಅದೂ ಅವನ ಮೇಜಿನ ಮೇಲೆ. ಅದು ತೆರೆಯದಿದ್ದರೆ ಒಂದು ಫೈಲು ಹುಡುಕುವುದೆಂದರೆ ಸಂತೆಯಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ. ಹೀಗಾಗಿ ತಾನಿಲ್ಲದೆ ಆಸ್ಪತ್ರೆ ನಡೆಯುವುದಿಲ್ಲ ಎಂಬ ನಂಬಿಕೆ ಅವನಲ್ಲಿ ಬೇರೂರಿತ್ತು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಯಾದರೂ ಇವನಷ್ಟು ಗಂಭೀರವಾಗಿ ನಂಬಿರಲಿಕ್ಕಿಲ್ಲ.

ಪಾಸ್‌ವರ್ಡುಗಳ ವಿಷಯದಲ್ಲಂತೂ ಅವನು ಇಡೀ ಆಸ್ಪತ್ರೆಗೆ ಮೇಷ್ಟ್ರು. ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲರೂ ಪಾಸ್‌ವರ್ಡು ಬದಲಾಯಿಸಬೇಕು, ಹೊಸದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಬೇಕು, ಅಂಟು ಹಚ್ಚಿ ಮಡಿಕೆಯ ಮೇಲೆ ಸಹಿ ಮಾಡಿ ಸೂಪರಿಂಟೆಂಡೆಂಟರ ಬೀರುವಿನಲ್ಲಿ ಇಡಬೇಕು. ಯಾರಾದರೂ ಮರೆತರೆ, ಮರೆತವರು ಆ ಲಕೋಟೆ ಮುಟ್ಟಕೂಡದು. ಪಕ್ಕದ ಮೇಜಿನವರು ಒಡೆದು ಒಂದೊಂದೇ ಅಕ್ಷರ ಓದತಕ್ಕದ್ದು, ಮರೆತವರು ಟೈಪು ಮಾಡತಕ್ಕದ್ದು. ಇಬ್ಬರಿದ್ದರೆ ಮೋಸವಿಲ್ಲ ಎಂಬುದು ತರ್ಕ. ನಿಯಮ ಬರೆದವನು ಅವನೇ, ಅಚ್ಚುಕಟ್ಟಾಗಿ ಟೈಪು ಮಾಡಿ ಗೋಡೆಗೆ ಅಂಟಿಸಿದವನೂ ಅವನೇ. ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ ಎರಡು ಸಲ ಮರೆತಾಗ, ಅಷ್ಟು ಜನರ ಮುಂದೆ, ಊಟ ಮಾಡುವುದು ಮರೀತೀರೇನಮ್ಮಾ ಎಂದು ಕೇಳಿ ಆಕೆಯ ಕಣ್ಣಲ್ಲಿ ನೀರು ತರಿಸಿದ್ದ.

ತಾನು ಮರೆಯದಿರುವುದಕ್ಕೆ ಅವನದೊಂದು ಗುಟ್ಟಿನ ಉಪಾಯವಿತ್ತು. ಮಕ್ಕಳ ಹೆಸರು, ಹುಟ್ಟಿದ ತಾರೀಕು ಇಡುವವರನ್ನು ಕಂಡರೆ ಅವನಿಗೆ ನಗು. ಅವನು ಇಡುತ್ತಿದ್ದದ್ದು ಸಿಟ್ಟು. ಆ ತಿಂಗಳು ಯಾರನ್ನು ಕಂಡರೆ ಮೈ ಉರಿಯುತ್ತಿತ್ತೋ ಅವರಿಗೊಂದು ಬೈಗುಳ, ಬೈಗುಳದ ಬಾಲಕ್ಕೊಂದು ಅಂಕಿ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು. ಉಪಕಾರ ಮಾಡಿದವರನ್ನು ಮನುಷ್ಯ ವಾರದೊಳಗೆ ಮರೆಯುತ್ತಾನೆ, ಚುಚ್ಚಿದವರನ್ನು ಸಾಯುವವರೆಗೂ ಮರೆಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಸೂಪರಿಂಟೆಂಡೆಂಟರ ಹೊಟ್ಟೆ, ಮಕ್ಕಳ ಡಾಕ್ಟರ ಜಂಬ, ಒಂದು ತಿಂಗಳು ಸ್ವಂತ ಹೆಂಡತಿಯ ತವರು, ಎಲ್ಲವೂ ಬೀರುವಿನೊಳಗೆ ಸಹಿ ಹಾಕಿಸಿಕೊಂಡು ತಣ್ಣಗೆ ಕುಳಿತಿದ್ದವು. ದಿನಕ್ಕೆ ಹತ್ತು ಸಲ ಅದನ್ನು ಬೆರಳಿನಿಂದ ಕುಟ್ಟುವುದರಲ್ಲಿ ಅವನಿಗೊಂದು ಸುಖವಿತ್ತು. ಬಾಯಿಬಿಟ್ಟು ಬೈಯುವ ಧೈರ್ಯ ಇಲ್ಲದವನ ಸುಖ ಅದು, ಬೇರೇನೂ ಅಲ್ಲ.

ಪಕ್ಕದ ಮೇಜಿನವಳನ್ನು ಅವನು ತಂಗಿ ಎಂದು ಕರೆಯುತ್ತಿದ್ದ. ನಾವೂ ಹಾಗೇ ಕರೆಯೋಣ. ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವಳು. ಅವನು ಕಪಾಟಿನ ಸಂಖ್ಯೆ ಹೇಳಿದರೆ ಹೋಗಿ ಫೈಲು ತರುವುದು ಅವಳ ಕೆಲಸ. ಚಿಕ್ಕಂದಿನ ಜ್ವರವೊಂದರಲ್ಲಿ ಎಡಗಾಲು ಸೋತಿತ್ತು, ಅಟ್ಟೆ ದಪ್ಪ ಮಾಡಿಸಿದ ಬೂಟು ಹಾಕಿಕೊಂಡು ನಡೆಯುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಗೆ ಹತ್ತು ಹೊಸ ಕುರ್ಚಿ ಬಂದವು, ಬೆನ್ನಿಗೆ ಮೆತ್ತೆ, ಕಾಲಿಗೆ ಚಕ್ರ. ದಾಖಲೆ ಕೋಣೆಯ ಪಾಲಿಗೆ ಬಂದದ್ದು ಒಂದು. ಅದನ್ನು ಸೂಪರಿಂಟೆಂಡೆಂಟರು ತಂಗಿಗೆ ಕೊಟ್ಟರು.

ಇಪ್ಪತ್ತೆಂಟು ವರ್ಷದ ಸರ್ವೀಸು ಇದ್ದವನಿಗೆ ಅದೇ ಮರದ ಕುರ್ಚಿ, ಅದರ ಒಂದು ಕಾಲಿಗೆ ಹಗ್ಗದ ಕಟ್ಟು. ಅವನ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. ಎದುರಿಗೆ, ತುಂಬಾ ಸಂತೋಷ ತಂಗಿ, ನಿನಗೆ ಬೇಕಾಗಿತ್ತು ಎಂದ. ಮನೆಗೆ ಹೋಗಿ ಊಟ ಬಿಟ್ಟ. ಮುಂದಿನ ಮೊದಲ ಸೋಮವಾರ, ಅವಳ ಕಾಲನ್ನೂ ಆ ಕುರ್ಚಿಯನ್ನೂ ಸೇರಿಸಿ ಒಂದು ಪಾಸ್‌ವರ್ಡು ಹೊಸೆದ. ಹೊಸೆದಾಗ ಬಲು ಚೆನ್ನಾಗಿದೆ ಅನ್ನಿಸಿತು. ಅದಕ್ಕಿಂತ ಚೆನ್ನಾದ್ದು ಹೊಳೆಯದೆ, ತನ್ನದೇ ನಿಯಮ ಮುರಿದು, ಆಮೇಲಿನ ತಿಂಗಳುಗಳಲ್ಲೂ ಅದನ್ನೇ ಮುಂದುವರಿಸಿದ.

ಅಷ್ಟರಲ್ಲಿ ಬಲಗಣ್ಣಿನ ಪೊರೆ ಬಲಿತು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಒಂದು ವಾರದ ರಜೆ ಹಾಕಿದ್ದ. ಎರಡನೇ ದಿನವೇ ಕಣ್ಣಿಗೆ ಸೋಂಕು ತಗುಲಿ, ರಜೆ ಮೂರು ವಾರಕ್ಕೆ ಬೆಳೆಯಿತು. ಮೂರು ಬಗೆಯ ಹನಿ ಔಷಧಿ, ಒಂದಾದ ಮೇಲೆ ಐದು ನಿಮಿಷ ಬಿಟ್ಟು ಇನ್ನೊಂದು, ಬೆಳಿಗ್ಗೆ ಸಂಜೆ ತಪ್ಪಕೂಡದು. ತಪ್ಪಿದರೆ ಕಣ್ಣಿನ ಆಸೆ ಬಿಡಿ ಎಂದರು ಡಾಕ್ಟರು. ಹೆಂಡತಿಗೆ ಕೈನಡುಕ. ಅವಳು ಹಾಕಿದ ಹನಿ ಹುಬ್ಬಿಗೆ ಬೀಳುತ್ತಿತ್ತು, ಮೂಗಿಗೆ ಬೀಳುತ್ತಿತ್ತು, ಒಮ್ಮೆ ಕಿವಿಗೂ ಬಿತ್ತು. ಮಗಳು ಹಾಸ್ಟೆಲಿನಲ್ಲಿದ್ದಳು, ಪರೀಕ್ಷೆ ನಡೆಯುತ್ತಿತ್ತು.

ರಜೆಯ ನಾಲ್ಕನೇ ದಿನ ತಂಗಿ ಬಂದಳು. ರಜೆ ಅರ್ಜಿಗೆ ಅವನ ಸಹಿ ಬೇಕಾಗಿತ್ತು. ಬಂದವಳು ಹೆಂಡತಿಯ ಕೈಯಿಂದ ಬಾಟಲಿ ತೆಗೆದುಕೊಂಡು ತಾನೇ ಹನಿ ಹಾಕಿದಳು. ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಬಂದಳು, ಸಂಜೆ ಮನೆಗೆ ಹೋಗುವ ಮುಂಚೆ ಮತ್ತೆ ಬಂದಳು. ಹದಿನೆಂಟು ದಿನ ಹೀಗೆ ನಡೆಯಿತು. ಅವನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ, ಐವತ್ತನಾಲ್ಕು ಮೆಟ್ಟಿಲು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವನಿಗೆ ಅವಳು ಹತ್ತಿ ಬರುವುದು ಕೇಳಿಸುತ್ತಿತ್ತು. ಒಂದು ಹೆಜ್ಜೆ ಗಟ್ಟಿಯಾಗಿ, ಅದರ ಹಿಂದೆ ಇನ್ನೊಂದು ಎಳೆದುಕೊಂಡು. ಹೆಚ್ಚು ಮಾತಾಡುತ್ತಿರಲಿಲ್ಲ. ಗದ್ದ ಹಿಡಿದು ಮುಖ ಎತ್ತುವಳು, ರೆಪ್ಪೆ ಬಿಡಿಸುವಳು, ಹನಿ ಹಾಕುವಳು, ಐದು ನಿಮಿಷ ಕಾಯುವಳು. ಅವಳ ಕೈ ಒಂದು ದಿನವೂ ನಡುಗಲಿಲ್ಲ. ಕಣ್ಣು ಉಳಿಯಿತು.

ರಜೆ ಮುಗಿಸಿ ಬಂದ ಸೋಮವಾರ ಬೆಳಿಗ್ಗೆ ಕಿಂಡಿಯ ಮುಂದೆ ಒಬ್ಬಳು ಹೆಂಗಸು ಆಗಲೇ ನಿಂತಿದ್ದಳು. ದರ್ಜಿಯವಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು, ಹೊಲಿಯುತ್ತಿದ್ದಲ್ಲಿಂದ ಹಾಗೇ ಎದ್ದು ಬಂದಿರಬೇಕು. ಬೇರೆ ಊರಿನ ಆಸ್ಪತ್ರೆಯಲ್ಲಿ ಅವಳ ತಾಯಿಗೆ ನಾಳೆ ಬೆಳಿಗ್ಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ. ಒಂಬತ್ತು ವರ್ಷದ ಹಿಂದೆ ಇದೇ ಹೊಟ್ಟೆಗೆ ಇಲ್ಲಿ ಒಂದು ಶಸ್ತ್ರಚಿಕಿತ್ಸೆ ಆಗಿತ್ತು. ಆವಾಗ ಒಳಗೆ ಏನು ತೆಗೆದರು, ಏನು ಹಾಕಿದರು ಎಂದು ನೋಡದೆ ಅಲ್ಲಿನ ಡಾಕ್ಟರು ಕತ್ತಿ ಮುಟ್ಟುವುದಿಲ್ಲವಂತೆ. ಒಂದೂವರೆಗೆ ಬಸ್ಸು, ಅದು ತಪ್ಪಿದರೆ ಮತ್ತೆ ನಾಳೆಯೇ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಚೀಟಿ ಒಳಗೆ ನೂಕಿದಳು. ಐದು ನಿಮಿಷದ ಕೆಲಸ, ಕೂತ್ಕೊಳ್ಳಿ ಎಂದ ನಮ್ಮ ಗುಮಾಸ್ತ, ಠೀವಿಯಿಂದ.

ಕಂಪ್ಯೂಟರು ಪಾಸ್‌ವರ್ಡು ಕೇಳಿತು. ಬೆರಳುಗಳನ್ನು ಕೀಲಿಗಳ ಮೇಲಿಟ್ಟ. ಬೆರಳುಗಳು ಅಲ್ಲೇ ನಿಂತವು. ತಲೆ ಖಾಲಿಯಾಗಿತ್ತು, ತೊಳೆದಿಟ್ಟ ಪಾತ್ರೆಯ ಹಾಗೆ.

ಮೊದಲು ನಗು ಬಂತು, ಆಮೇಲೆ ಬೆವರು. ತಂಗಿಯ ಮೇಲಿನ ಬೈಗುಳ ಎಂಬುದು ನೆನಪಿತ್ತು. ಅವಳ ಕಾಲಿನ ಮಾತು, ಕುರ್ಚಿಯ ಮಾತು ಅದರಲ್ಲಿತ್ತು ಎಂಬುದೂ ನೆನಪಿತ್ತು. ಪದ ಮಾತ್ರ ನೆನಪಿಲ್ಲ. ಒಂದು ಸಲ ಅಂದಾಜಿನ ಮೇಲೆ ಕುಟ್ಟಿದ. ತಪ್ಪು ಎಂದಿತು ಪರದೆ, ಇನ್ನು ನಾಲ್ಕು ಅವಕಾಶ. ಐದೂ ತಪ್ಪಿದರೆ ಕಂಪ್ಯೂಟರು ಪೂರ್ತಿ ಮುಚ್ಚಿಕೊಳ್ಳುತ್ತದೆ, ಗುರುವಾರ ಮುಖ್ಯ ಕಚೇರಿಯಿಂದ ತಂತ್ರಜ್ಞ ಬರುವವರೆಗೂ ತೆರೆಯುವುದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಊರಿಗೆಲ್ಲ ಪುರಾಣ ಹೇಳಿದವನ ಬಾಯಲ್ಲಿ ಈಗ ಬದನೆಕಾಯಿ ಸಿಕ್ಕಿಹಾಕಿಕೊಂಡಿತ್ತು.

ಎದ್ದು ಹೋಗಿ, ಮರೆತೆ, ಲಕೋಟೆ ಒಡೆಯಿರಿ ಎಂದಿದ್ದರೆ ಐದು ನಿಮಿಷದ ಕೆಲಸವೇ. ಆದರೆ ಒಡೆದು ಓದಬೇಕಾದವಳು ಪಕ್ಕದ ಮೇಜಿನವಳು. ಹದಿನೆಂಟು ದಿನ ಐವತ್ತನಾಲ್ಕು ಮೆಟ್ಟಿಲು ಹತ್ತಿದ ಹೆಂಗಸಿನ ಕೈಗೆ, ಅವಳ ಕಾಲನ್ನೇ ಆಡಿಕೊಂಡ ಚೀಟಿ ಕೊಟ್ಟು, ಗಟ್ಟಿಯಾಗಿ ಓದು ತಾಯಿ ಎನ್ನಬೇಕು. ಅದನ್ನು ನೆನೆದೇ ಅವನ ಕಿವಿ ಬಿಸಿಯಾಯಿತು. ಏನಾಗಿದೆ ಅಣ್ಣಾ ಎಂದು ಅವಳು ಕೇಳಿದಾಗ ಅವನ ಬಾಯಿಂದ ಬಂದದ್ದು ಸುಳ್ಳು. ಕಂಪ್ಯೂಟರು ಕೆಟ್ಟಿದೆ, ಲೈನು ಹೋಗಿದೆ, ಬರುತ್ತೆ ಎಂದ.

ಹತ್ತು ಗಂಟೆಯಾಯಿತು. ಹತ್ತೂವರೆಯಾಯಿತು. ಅವನು ಮೇಜಿನ ಕೆಳಗೆ ಬಗ್ಗಿ ವೈರು ಕಿತ್ತ, ಮತ್ತೆ ಸಿಕ್ಕಿಸಿದ. ಪರದೆ ಒರೆಸಿದ. ಯಾರಿಗೋ ಫೋನು ಮಾಡುವಂತೆ ನಟಿಸಿ, ಹೌದಾ, ಸರಿ ಸರಿ ಎಂದು ಖಾಲಿ ಫೋನಿಗೆ ತಲೆಯಾಡಿಸಿದ. ಇಷ್ಟು ವಯಸ್ಸಿಗೆ ಇಂಥ ನಾಟಕ ಬೇಕಿತ್ತೇ ಎಂದು ಅವನ ಮನಸ್ಸೇ ಅವನಿಗೆ ಉಗಿಯುತ್ತಿತ್ತು. ಆದರೆ ಸುಳ್ಳು ಒಮ್ಮೆ ಹೊರಬಿದ್ದರೆ ಅದರ ಹಿಂದೆ ಓಡುತ್ತಲೇ ಇರಬೇಕು.

ನಡುವೆ ಕುಳಿತು ಆ ಹಳೆಯ ಸಿಟ್ಟನ್ನು ಮತ್ತೆ ಎಬ್ಬಿಸಲು ನೋಡಿದ. ಅದು ಬಂದರೆ ಪದವೂ ಅದರ ಬೆನ್ನಿಗೇ ಬರುತ್ತದೆ ಎಂಬ ಆಸೆ. ಕಣ್ಣು ಮುಚ್ಚಿ ಆ ಕುರ್ಚಿಯನ್ನು ನೆನೆದ, ಅದು ಬಂದ ದಿನವನ್ನು ನೆನೆದ, ಎಲ್ಲರೂ ಅವಳಿಗೆ ಶುಭ ಹೇಳುತ್ತಿದ್ದದ್ದನ್ನು ನೆನೆದ. ಬೇಕೆಂದೇ ಹಲ್ಲು ಕಚ್ಚಿದ. ಏನು ಮಾಡಿದರೂ ಉರಿ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಕೇಳುತ್ತಿದ್ದದ್ದು ಮೆಟ್ಟಿಲ ಮೇಲಿನ ಹೆಜ್ಜೆ, ತಾಕುತ್ತಿದ್ದದ್ದು ಗದ್ದದ ಕೆಳಗೆ ತಣ್ಣಗಿನ ಎರಡು ಬೆರಳು. ಇಪ್ಪತ್ತೆಂಟು ವರ್ಷ ಬೇಡಬೇಡವೆಂದರೂ ತಾನೇ ಬಂದು ಕುಳಿತುಕೊಳ್ಳುತ್ತಿದ್ದ ಸಿಟ್ಟು, ಬೇಕೆಂದು ಕರೆದ ದಿನ ಬರಲಿಲ್ಲ. ಇನ್ನೂ ಮೂರು ಸಲ ಏನೇನೋ ಕುಟ್ಟಿದ, ಮೂರೂ ತಪ್ಪಿದವು. ಪ್ರತಿಯೊಂದನ್ನು ಕುಟ್ಟುವಾಗಲೂ ಅವಳ ಕಾಲಿಗೆ ಹೊಸದೊಂದು ಹೀನ ಪದ ಹುಡುಕಬೇಕಾಗಿತ್ತು, ಪಕ್ಕದಲ್ಲೇ ಅವಳನ್ನು ಕೂರಿಸಿಕೊಂಡು. ಅವನಿಗೆ ತನ್ನ ಬೆರಳುಗಳನ್ನು ಕಂಡರೇ ಹೇಸಿಗೆಯಾಯಿತು.

ಹನ್ನೊಂದೂವರೆಗೆ ತಂಗಿ ಮೆಲ್ಲಗೆ ಕೇಳಿದಳು.

"ಅಣ್ಣಾ, ಪಾಸ್‌ವರ್ಡ್ ಏನಾದ್ರೂ ಮರೆತ್ರಾ?"

"ನಾನಾ? ಮರೆಯೋದಾ? ಲೈನ್ ಹೋಗಿದೆ ಅಂದ್ನಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೇಳುತ್ತ ಹೇಳುತ್ತ ಅವನ ಕೈ ಪರದೆಗೆ ಅಡ್ಡ ಹೋಗಿತ್ತು. ಅವಳು ಅವನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಮತ್ತೇನೂ ಕೇಳದೆ ತನ್ನ ಕೆಲಸಕ್ಕೆ ತಿರುಗಿದಳು.

ದರ್ಜಿಯವಳು ಅಷ್ಟು ಹೊತ್ತೂ ಗಲಾಟೆ ಮಾಡಲಿಲ್ಲ. ಜಗಳ ಮಾಡಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ತಿರುಗಿ ರೇಗಬಹುದಿತ್ತು. ಬೆಂಚಿನ ಮೇಲೆ ಕುಳಿತು ಕೊರಳಿನ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹನ್ನೆರಡೂಕಾಲಿಗೆ ಎದ್ದು ಕಿಂಡಿಗೆ ಬಂದಳು.

"ಅಣ್ಣಾ, ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿಬಿಡಿ, ನನಗೇನೂ ಬೇಸರ ಇಲ್ಲ. ನಾಳೆ ಬೇಡ ಅಂತ ಡಾಕ್ಟರಿಗೆ ಫೋನ್ ಮಾಡ್ತೀನಿ. ಅಮ್ಮನಿಗೆ ನೋವು ಜಾಸ್ತಿ, ಅದಕ್ಕೆ ಇಷ್ಟೊತ್ತು ಕಾದೆ."

ಎಂದವಳೇ ಚೀಲದಿಂದ ಫೋನು ತೆಗೆದಳು. ಯಾರ ತಾಯಿಯೋ ನೋವು ತಿನ್ನಬೇಕು, ಯಾಕೆಂದರೆ ಇಲ್ಲೊಬ್ಬನಿಗೆ ಮರ್ಯಾದೆಯ ಪ್ರಶ್ನೆ. ಅವನಿಗೆ ಅದು ಅಷ್ಟೇ ಸ್ಪಷ್ಟವಾಗಿ, ಅಷ್ಟೇ ಒರಟಾಗಿ ಕಾಣಿಸಿತು. ಫೋನ್ ಮಾಡಬೇಡಿ, ಒಂದು ನಿಮಿಷ ಎಂದು ಎದ್ದ.

ಸೂಪರಿಂಟೆಂಡೆಂಟರ ಕೋಣೆ ಮೇಲಿನ ಮಹಡಿಯಲ್ಲಿತ್ತು. ನಿಂತುಕೊಂಡೇ ಹೇಳಿದ: ಮರೆತಿದ್ದೀನಿ ಸಾರ್, ಬೆಳಿಗ್ಗೆಯಿಂದ ಸುಳ್ಳು ಹೇಳ್ತಾ ಇದ್ದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ಬೀಗಮುದ್ರೆಯೇ ಹೀಗಾದರೆ ನಮ್ಮ ಗತಿ ಏನಪ್ಪಾ ಎಂದರು. ಇನ್ನೊಂದು ದಿನವಾಗಿದ್ದರೆ ಆ ನಗುವಿಗೆ ಅವನೊಳಗೆ ಹೊಸ ಪಾಸ್‌ವರ್ಡೊಂದು ಹುಟ್ಟುತ್ತಿತ್ತು. ಈಗ ತಲೆ ತಗ್ಗಿಸಿಯೇ ಇದ್ದ. ಲಕೋಟೆಯನ್ನು ತಾನೇ ಒಡೆದುಕೊಳ್ಳಲು ಬಿಡಿ ಎಂದು ಬೇಡಿದ. ಒಂದೇ ಒಂದು ಸಲ, ನಿಯಮ ಸಡಿಲಿಸಿ ಎಂದ. ನೀನೇ ಬರೆದದ್ದಲ್ಲವೇ, ನೀನೇ ಮುರಿದರೆ ಹೇಗೆ ಎಂದು ಅವರು ಫೋನು ಎತ್ತಿ, ತಂಗಿಯನ್ನು ಮೇಲೆ ಕರೆಸಿ, ಬೀರುವಿನ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟರು. ತಾನೇ ತೋಡಿದ ಹಳ್ಳ ಎಷ್ಟು ಆಳವಿದೆ ಎಂದು ಅವನಿಗೆ ಆಗ ತಿಳಿಯಿತು. ತಂಗಿಯ ಮುಖ ನೋಡಲಾಗದೆ ಅವಳಿಗಿಂತ ಮುಂಚೆ ಕೆಳಗಿಳಿದು ಬಂದು ತನ್ನ ಜಾಗದಲ್ಲಿ ಕುಳಿತ.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುವುದನ್ನು ಅವನು ಬೇರೆಯವರ ಬಾಯಲ್ಲಿ ಕೇಳಿದ್ದ. ನೆಲಮಾಳಿಗೆಯ ನೆಲ ಗಟ್ಟಿ ಸಿಮೆಂಟಿನದು, ಅದು ಯಾರನ್ನೂ ನುಂಗುವುದಿಲ್ಲ. ಅವಳ ಹೆಜ್ಜೆ ಹತ್ತಿರವಾಯಿತು. ಬಂದು ಅವನ ಕುರ್ಚಿಯ ಹಿಂದೆ ನಿಂತಳು. ಕಾಗದ ಹರಿಯುವ ಸದ್ದಿಗಾಗಿ ಕಾದ. ಅದು ಬರಲಿಲ್ಲ. ತಿರುಗಿ ನೋಡಿದರೆ ಅವಳ ಕೈಯಲ್ಲಿ ಬೀಗದ ಕೈ ಮಾತ್ರ ಇತ್ತು.

"ಲಕೋಟೆ ಎಲ್ಲಿ?"

"ಬೇಡ ಅಣ್ಣ. ಟೈಪ್ ಮಾಡಿ, ಹೇಳ್ತೀನಿ."

ಹೇಳತೊಡಗಿದಳು. ಕೆ. ಯು. ಎನ್. ಟಿ. ಐ. ಕುಂಟಿ ಎಂಬಷ್ಟಾದಾಗ ಅವನ ಬೆರಳು ನಿಂತಿತು. ಈಗ ಉಳಿದದ್ದೆಲ್ಲ ನೆನಪಾಯಿತು, ಒಮ್ಮೆಲೇ, ಹೊಸೆದಾಗಿನ ಅವನ ಖುಷಿಯ ಸಮೇತ. ಸಾಕು, ಇನ್ನು ನನಗೆ ಗೊತ್ತು ಎನ್ನಬೇಕೆಂದುಕೊಂಡ. ಅವಳು ನಿಲ್ಲಿಸಲಿಲ್ಲ. ಜಿ. ಇ. ಆಮೇಲೆ ಎಸ್ಸು, ಐ, ಎಮ್ಮು. ಅವಸರವಿಲ್ಲದೆ, ಔಷಧಿಯ ಹೆಸರು ಓದುವ ದನಿಯಲ್ಲಿ ಒಂದೊಂದೇ ಅಕ್ಷರ ಕೊಟ್ಟಳು. ಕುಂಟಿಗೆ ಸಿಂಹಾಸನ. ಬಾಲಕ್ಕೆ ನಾಲ್ಕು. ಕಂಪ್ಯೂಟರು ತೆರೆದುಕೊಂಡಿತು.

ಕಿಂಡಿಯಾಚೆ ನಿಂತ ದರ್ಜಿಯವಳಿಗೆ ಕೇಳಿಸಿದ್ದು ಬರೀ ಇಂಗ್ಲಿಷ್ ಅಕ್ಷರಗಳು. ಕಪಾಟಿನ ಸಂಖ್ಯೆ ಸಿಕ್ಕಿತು. ಆ ದಿನ ಫೈಲು ತರಲು ತಂಗಿ ಹೊರಡುವ ಮುಂಚೆ ಅವನೇ ಓಡಿದ, ಏಣಿ ಹಾಕಿ ಹತ್ತಿ ಧೂಳಿನೊಳಗಿಂದ ಫೈಲು ಎಳೆದು ತಂದ. ತಂಗಿ ಅದರ ನಕಲು ತೆಗೆದುಕೊಟ್ಟಳು. ಒಂದಕ್ಕೆ ಹತ್ತು ನಿಮಿಷವಿತ್ತು. ದರ್ಜಿಯವಳು ಹೋಗುವಾಗ ಕಿಂಡಿಯೊಳಗೆ ಬಗ್ಗಿ, ನಿಮ್ಮಿಂದ ತುಂಬಾ ಉಪಕಾರ ಆಯ್ತು ಅಣ್ಣಾ, ನೀವಿಲ್ಲದಿದ್ರೆ ಏನು ಗತಿ ಎಂದು ಅವನಿಗೆ ಹೇಳಿದಳು. ತಂಗಿಗಲ್ಲ, ಅವನಿಗೆ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ತಂಗಿ ಕಪಾಟುಗಳ ನಡುವೆ ಫೈಲು ಜೋಡಿಸುತ್ತಿದ್ದಳು. ಅವನು ಸಾಲಿನ ತುದಿಯಲ್ಲಿ ಬಂದು ನಿಂತ. ಇಂಗು ತಿಂದ ಮಂಗನ ಹಾಗೆ ನಿಂತೇ ಇದ್ದ. ಕೊನೆಗೆ, ಯಾವಾಗ ನೋಡಿದೆ ಎಂದು ಕೇಳಿದ.

"ನೀವು ರಜೆ ಹಾಕಿದ ಮೂರನೇ ದಿನ. ಯಾವುದೋ ಫೈಲು ಬೇಕಾಗಿತ್ತು. ಸಾಹೇಬರು ಬೀಗದ ಕೈ ಕೊಟ್ಟು ನೀನೇ ತೆಗಿ ಅಂದ್ರು. ಆಮೇಲೆ ಮೂರು ವಾರ ಅದನ್ನೇ ಹಾಕಿ ಕೆಲಸ ಮಾಡಿದೆ."

ಮೂರು ವಾರ ಈ ಕೋಣೆ ಹೇಗೆ ನಡೆಯಿತು ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಮೇಜಿನ ಮೇಲೆ ಒಂದು ಚೀಟಿಯೂ ಬಾಕಿ ಇಲ್ಲದ್ದನ್ನು ಬೆಳಿಗ್ಗೆ ನೋಡಿ, ನಾನಿಲ್ಲವೆಂದು ಜನವೇ ಬಂದಿಲ್ಲ ಎಂದುಕೊಂಡಿದ್ದ. ಈಗ ಬೇರೆ ಲೆಕ್ಕ ಹಾಕಿದ. ಮೂರನೇ ದಿನ ಓದಿದಳು. ನಾಲ್ಕನೇ ದಿನ ಮೊದಲ ಸಲ ಮನೆಗೆ ಬಂದಳು. ಹಾಗಾದರೆ ಹದಿನೆಂಟು ದಿನದ ಒಂದೊಂದು ಮೆಟ್ಟಿಲನ್ನೂ ಅವಳು ಅದನ್ನು ಓದಿಯೇ ಹತ್ತಿದ್ದು. ಬೆಳಿಗ್ಗೆ ಅವನಿಗೆ ಹನಿ ಹಾಕಿ, ಇಲ್ಲಿಗೆ ಬಂದು ತನ್ನ ಕೈಯಾರೆ ತನ್ನನ್ನು ಬೈದುಕೊಂಡು ಕಂಪ್ಯೂಟರು ತೆರೆದು, ಸಂಜೆ ಮತ್ತೆ ಹನಿ ಹಾಕಲು ಬಂದಿದ್ದಳು.

ಮತ್ತೆ ಯಾಕೆ ಬಂದೆ ಎಂದು ಕೇಳಿದ.

ಅವಳು ಕೈಯಲ್ಲಿದ್ದ ಫೈಲನ್ನು ಅದರ ಜಾಗಕ್ಕೆ ತಳ್ಳಿ, ತಿರುಗಿದಳು.

"ಆವತ್ತು ಆ ಅರ್ಜಿ ನಿಮ್ಮ ಮುಖದ ಮೇಲೆ ಎಸೆದು ಬರೋಣ ಅಂತಲೇ ಬಂದಿದ್ದೆ. ಅತ್ತಿಗೆ ಕೈ ನಡುಗಿಸ್ಕೊಂಡು ಹನಿ ಹಾಕ್ತಾ ಇದ್ರು, ನಿಮ್ಮ ಕಣ್ಣು ಕೆಂಡದ ಹಾಗೆ ಇತ್ತು. ಕಣ್ಣು ಹೋದ್ರೆ ಅದು ನನ್ನ ತಲೆಗೆ ಬರುತ್ತೆ ಅನ್ನಿಸ್ತು. ಅಷ್ಟೇ. ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡಿ, ಸಿಟ್ಟು ಇನ್ನೂ ಇದೆ." ಇನ್ನೊಂದು ಫೈಲು ಎತ್ತಿಕೊಂಡು ಮತ್ತೆ ಹೇಳಿದಳು. "ಇವತ್ತು ಬೆಳಿಗ್ಗೆನೇ ಹೇಳಬಹುದಿತ್ತು. ನೀವಾಗಿ ಕೇಳಲಿ ಅಂತ ಸುಮ್ಮನೆ ಕೂತೆ. ಪಾಪ, ಆ ಹೆಂಗಸು ಅಷ್ಟು ಹೊತ್ತು ಕಾದಳು. ಅದು ಮಾತ್ರ ನನ್ನ ತಪ್ಪು."

ತಪ್ಪಾಯ್ತು ಎಂದ ಅವನು. ಆ ಮಾತು ಎಷ್ಟು ಸಣ್ಣದಾಗಿತ್ತೆಂದರೆ ಹೇಳಿದ ಮೇಲೆ ಮತ್ತಷ್ಟು ನಾಚಿಕೆಯಾಯಿತು. ದಾರಿ ಬಿಡಿ ಅಣ್ಣ, ಆ ಕಡೆ ಸಾಲು ಜೋಡಿಸಬೇಕು ಎಂದಳು. ಅವನು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ.

ಸಂಜೆ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಕಣ್ಣು ಹೇಗಿದೆ, ಕೆಲಸ ಹೆಚ್ಚಾಯಿತಾ ಎಂದು ವಿಚಾರಿಸಿದಳು. ತಂಗಿ ಚೆನ್ನಾಗಿದ್ದಾಳಾ ಎಂದಳು. ಅವನು ಬಾಗಿಲಲ್ಲೇ ನಿಂತು ಹೂಂ ಎಂದ. ಅವಳು ತನ್ನ ಪಾಡಿಗೆ ಮಾತು ಮುಂದುವರಿಸಿದಳು.

"ನಿಮಗೆ ಹೇಳಿರಲಿಲ್ಲ ನೋಡಿ. ಮೊದಲನೇ ದಿನ ಬಂದಾಗ ನಿಮಗೆ ಹನಿ ಹಾಕಿ ಮುಗಿಸಿ, ಇಲ್ಲಿ ಒಳಗೆ ಬಂದು ಎಷ್ಟು ಅತ್ತಳು ಅಂತೀರಿ. ನಾನೇ ಬೆನ್ನು ಸವರಿ ಸಮಾಧಾನ ಮಾಡಿದೆ. ಅಳಬೇಡಮ್ಮಾ, ನಿಮ್ಮ ಅಣ್ಣನ ಕಣ್ಣಿಗೆ ಏನೂ ಆಗಲ್ಲ ಅಂದೆ. ಒಡಹುಟ್ಟಿದವರೂ ಅಷ್ಟು ಅಳಲ್ಲ ರೀ."

ಅವನು ಒಳಗೆ ಬಂದ. ಆಮೇಲೆ ಅವಳ ಎದುರಿಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಕುರ್ಚಿ ಬಂದದ್ದು, ಚೀಟಿ ಬರೆದದ್ದು, ಬೆಳಿಗ್ಗೆ ಬೊಗಳಿದ ಸುಳ್ಳು, ದರ್ಜಿಯವಳ ಮಾತು. ಆ ಎರಡು ಪದ ಬಂದಾಗ ಹಾರಿಸಿ ಮುಂದೆ ಹೋಗಲು ನೋಡಿದ. ಹೇಳಿ ಎಂದಳು ಹೆಂಡತಿ. ಹೇಳಿದ. ಬಾಯಿಬಿಟ್ಟು ಗಟ್ಟಿಯಾಗಿ ಅದನ್ನು ಅವನು ಹೇಳಿದ್ದು ಅದೇ ಮೊದಲು, ಕಿವಿಗೆ ಬಿದ್ದಾಗ ಅದು ಯಾರೋ ಪೋಕರಿಯ ಮಾತಿನಂತಿತ್ತು.

ಹೆಂಡತಿ ಸೋಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಬೈಯುತ್ತಾಳೆಂದು ಕಾದ, ಬೈಯಲಿ ಎಂದು ಬೇಡಿಕೊಂಡ. ಅವಳು ಎದ್ದು ಕೈ ತೊಳೆದುಕೊಂಡಳು, ಬಾಗಿಲ ಹಿಂದಿನ ಚೀಲ ತೆಗೆದಳು.

"ಏಳಿ, ಈಗಲೇ ಹೋಗಿ ಬರೋಣ. ಅವಳ ಮನೆ ಎಲ್ಲಿ?"

ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕುಳಿತವಳ ಮನೆ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.